ಮೆಚ್ಚಿದ ಚಿತ್ರದಿಂದ ಸ್ವಂತ ಪಾತ್ರದವರೆಗೆ

ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಫೋನಿನಲ್ಲಿ ಆರ್ಟ್‌ಸ್ಟೇಷನ್ ಅಥವಾ ಪಿಂಟರೆಸ್ಟ್ ತೆರೆದರೆ, ಸಿಎಸ್‌ಎಂಟಿ ಮುಟ್ಟುವಷ್ಟರಲ್ಲಿ ನೂರಾರು ಯೋಧರು, ಮಾಟಗಾತಿಯರು, ರೆಕ್ಕೆಯುಳ್ಳ ಸರ್ಪಗಳು ಬೆರಳಿನಡಿ ಸರಿದು ಹೋಗಿರುತ್ತವೆ. ಇಷ್ಟವಾದದ್ದಕ್ಕೆ ಒಂದು ಹಾರ್ಟ್ ಒತ್ತುತ್ತೇವೆ, ತುಂಬ ಇಷ್ಟವಾದದ್ದನ್ನು ಸೇವ್ ಮಾಡಿಡುತ್ತೇವೆ. ಹೀಗೆ ಸೇವ್ ಆದ ಚಿತ್ರಗಳ ಫೋಲ್ಡರ್ ಬೆಳೆಯುತ್ತಲೇ ಇರುತ್ತದೆ, ಕೈ ಮಾತ್ರ ಇದ್ದಲ್ಲಿಯೇ ಇರುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡ ಮನೆಗಳಲ್ಲೂ ಕ್ಯಾರೆಕ್ಟರ್ ಡಿಸೈನರ್ ಆಗಬೇಕೆಂದು ಹಂಬಲಿಸುವ ಹುಡುಗ ಹುಡುಗಿಯರಿದ್ದಾರೆ. ಈ ಬರಹ ಅವರಿಗಾಗಿ. ಇದರಿಂದ ಹೊಟ್ಟೆ ತುಂಬೀತೇ ಎಂದು ಕೇಳುವ ಅವರ ಅಪ್ಪ ಅಮ್ಮಂದಿರಿಗಾಗಿಯೂ ಹೌದು.

ಮೊದಲು ಕೆಲಸ ಯಾವುದೆಂದು ಸ್ಪಷ್ಟವಾಗಲಿ. ನಮ್ಮನ್ನು ಬೆರಗುಗೊಳಿಸುವ ಫ್ಯಾಂಟಸಿ ಚಿತ್ರಗಳಲ್ಲಿ ಹೆಚ್ಚಿನವು ಪೂರ್ಣಗೊಂಡ ಇಲ್ಲಸ್ಟ್ರೇಷನ್‌ಗಳು: ಪುಸ್ತಕದ ಮುಖಪುಟ, ಗೇಮ್‌ನ ಜಾಹೀರಾತು, ಕಾರ್ಡಿನ ಚಿತ್ರ. ಕ್ಯಾರೆಕ್ಟರ್ ಡಿಸೈನರ್‌ನ ದಿನನಿತ್ಯದ ಕೆಲಸ ಅಷ್ಟು ಹೊಳೆಯುವುದಿಲ್ಲ. ಒಂದೇ ಪಾತ್ರಕ್ಕೆ ಹತ್ತಾರು ಥಂಬ್‌ನೇಲ್‌ಗಳು, ಕಪ್ಪು ಸಿಲೂಯೆಟ್‌ಗಳು, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ತೋರಿಸುವ ಟರ್ನ್‌ಅರೌಂಡ್, ಸಿಟ್ಟು ನಗು ಅಳುಗಳ ಎಕ್ಸ್‌ಪ್ರೆಶನ್ ಶೀಟ್, ಚಪ್ಪಲಿಯ ಪಟ್ಟಿ ಎಲ್ಲಿ ಕಟ್ಟಿದೆ ಎಂಬ ಟಿಪ್ಪಣಿ ಇವೆಲ್ಲ ಅವರ ಹೊಣೆ. ಮುಂದೆ ಅದನ್ನು ಥ್ರೀಡಿ ಮಾಡೆಲ್ ಮಾಡುವವರು, ಅನಿಮೇಟ್ ಮಾಡುವವರು, ಸಿನಿಮಾ ಆದರೆ ಬಟ್ಟೆ ಹೊಲಿಯುವವರು ಆ ಹಾಳೆಯನ್ನು ನೋಡಿಯೇ ಕೆಲಸ ಮಾಡಬೇಕು. ಚಿತ್ರ ಎಷ್ಟೇ ಚೆನ್ನಾಗಿರಲಿ, ಆ ನಿಲುವಂಗಿಯ ಬೆನ್ನು ಹೇಗಿದೆ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ವಿನ್ಯಾಸ ಮುಗಿದಿಲ್ಲ.

ಹಾಗಾದರೆ ಮೆಚ್ಚುಗೆಯನ್ನು ಏನು ಮಾಡುವುದು? ಅದನ್ನು ಬಿಡಬೇಕಾಗಿಲ್ಲ, ಕೆಲಸಕ್ಕೆ ಹಚ್ಚಬೇಕು. ನೂರು ಚಿತ್ರ ನೋಡುವ ಸಮಯವನ್ನು ಒಂದೇ ಚಿತ್ರಕ್ಕೆ ಕೊಡಿ. ಮೊದಲು ಆ ಪಾತ್ರದ ಹೊರಗೆರೆಯನ್ನಷ್ಟೇ ಬೆರಳುಗುರಿನಷ್ಟು ಚಿಕ್ಕದಾಗಿ ಬರೆದು ಒಳಗೆಲ್ಲ ಕಪ್ಪು ತುಂಬಿ. ಆಗಲೂ ಯಾರೆಂದು ಗುರುತು ಸಿಗುತ್ತದೆಯೇ? ಸಿಕ್ಕರೆ ಯಾವುದರಿಂದ? ಕೊಂಬಿನಿಂದಲೋ, ಬಾಗಿದ ಬೆನ್ನಿನಿಂದಲೋ, ಕೈಯಲ್ಲಿರುವ ದೊಣ್ಣೆಯಿಂದಲೋ? ಬಳಿಕ ಅದೇ ಚಿತ್ರವನ್ನು ಕಪ್ಪು, ಬೂದು, ಬಿಳಿ ಎಂಬ ಮೂರೇ ಛಾಯೆಗಳಲ್ಲಿ ಬರೆಯಿರಿ. ನಿಮ್ಮ ಕಣ್ಣು ಮೊದಲು ಹೋಗಿ ನಿಂತ ಜಾಗದಲ್ಲಿಯೇ ಅತಿ ಬಿಳುಪು ಮತ್ತು ಅತಿ ಕಪ್ಪು ಒಂದಕ್ಕೊಂದು ತಾಗಿರುವುದು ಕಾಣುತ್ತದೆ. ಕಲಾವಿದ ಅದನ್ನು ಬೇಕೆಂದೇ ಇಟ್ಟಿರುತ್ತಾನೆ. ಆಮೇಲೆ ಮುಖದ ಮೇಲೆ ಬೆರಳಿಟ್ಟು ಮುಚ್ಚಿ. ಉಳಿದ ಮೈ, ಬಟ್ಟೆ, ನಿಂತ ಭಂಗಿಯೇ ಪಾತ್ರದ ಸ್ವಭಾವ ಹೇಳುತ್ತಿದ್ದರೆ ಅದು ಒಳ್ಳೆಯ ವಿನ್ಯಾಸ. ಮುಖ ಮುಚ್ಚಿದ ಕೂಡಲೇ ಎಲ್ಲವೂ ಸತ್ತುಹೋದರೆ, ನೀವು ಮೆಚ್ಚಿದ್ದು ಚೆಂದದ ಮುಖವನ್ನು, ಪಾತ್ರವನ್ನಲ್ಲ. ಕೊನೆಗೆ ಚಿತ್ರವನ್ನು ಪಕ್ಕಕ್ಕಿಟ್ಟು ನೆನಪಿನಿಂದ ಬರೆಯಿರಿ. ನೆನಪಿನಲ್ಲಿ ಉಳಿಯದ್ದು ಯಾವುದು ಎಂದು ಹೋಲಿಸಿ ನೋಡಿದರೆ ನಿಮ್ಮ ಕಣ್ಣು ಎಲ್ಲೆಲ್ಲಿ ಅವಸರ ಮಾಡಿತು ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಈ ಪಾತ್ರ ಯಾವ ಹವೆಯಲ್ಲಿ ಬದುಕುತ್ತದೆ, ಏನು ಕೆಲಸ ಮಾಡುತ್ತದೆ? ಹೆಗಲ ತುಂಬ ತೋಳದ ತುಪ್ಪಳ, ಮೈತುಂಬ ಉಕ್ಕಿನ ತಗಡು ತೊಟ್ಟ ಯೋಧರನ್ನು ನಾವು ದಿನಾ ನೋಡುತ್ತೇವೆ. ಫ್ರಾಂಕ್ ಫ್ರಜೆಟಾ 1960ರ ದಶಕದಲ್ಲಿ ಕೋನನ್ ಪುಸ್ತಕಗಳಿಗೆ ಬರೆದ ಮುಖಪುಟಗಳು, ಜಾನ್ ಹೌ ಮತ್ತು ಅಲನ್ ಲೀ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾಗಳಿಗೆ ಕೊಟ್ಟ ರೂಪಗಳು ಈ ಲೋಕವನ್ನು ಬಹಳ ಮಟ್ಟಿಗೆ ರೂಪಿಸಿವೆ. ಹೌ, ಲೀ ಅವರಂಥ ಕಲಾವಿದರು ತಾವು ಕಂಡ ಚಳಿ, ಕಲ್ಲಿನ ಕೋಟೆ, ಉತ್ತರದ ಪುರಾಣಗಳಿಂದ ಅವನ್ನು ಕಟ್ಟಿದರು. ಅದನ್ನೇ ಹಾಗೆಯೇ ಎತ್ತಿ ಕೊಂಕಣದ ಜುಲೈ ತಿಂಗಳ ಸೆಕೆ, ಮಳೆಗಳ ನಡುವೆ ನಿಲ್ಲಿಸಿದರೆ ಆ ಯೋಧ ಒಂದು ಮೈಲಿಯೂ ನಡೆಯಲಾರ. ಅವರು ತಮ್ಮ ನೆಲವನ್ನು ನೋಡಿದ ಹಾಗೆ ನಾವು ನಮ್ಮ ನೆಲವನ್ನು ನೋಡಬೇಕು. ಅವರಿಂದ ಕಲಿಯಬೇಕಾದ ದೊಡ್ಡ ಪಾಠ ಅದು, ಅವರ ತುಪ್ಪಳವಲ್ಲ.

ಈ ದಾರಿಯಲ್ಲಿ ಮೊದಲು ನಡೆದವರು

ಮುಂಬಯಿಯಲ್ಲಿ ಕುಳಿತು ದೇವ ದಾನವರಿಗೆ ಹೊಸ ಮೈ ಕೊಟ್ಟ ಕನ್ನಡಿಗರು ಇದ್ದರು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಬಂದು ಸಿನಿಮಾ ಪ್ರಚಾರ ಚಿತ್ರಗಳನ್ನು, ಪತ್ರಿಕೆಯ ಮುಖಪುಟಗಳನ್ನು ಬರೆದರು. ಆಮೇಲೆ ಕ್ಯಾಲೆಂಡರ್‌ಗಳಿಗಾಗಿ ಪುರಾಣದ ದೃಶ್ಯಗಳನ್ನು ಬರೆದು ಭಾರತದಾದ್ಯಂತ ಮನೆಗಳ ಗೋಡೆ ತಲುಪಿದರು. ಅವರ ಚಿತ್ರಗಳನ್ನು ಇಂದು ಡಿಜಿಟಲ್ ಫ್ಯಾಂಟಸಿ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿ. ಹಿಂಬದಿಯಿಂದ ಬೀಳುವ ಬೆಳಕು ಮೈಯ ಅಂಚನ್ನು ಬೆಳಗುವುದು, ಮೈಕಟ್ಟಿನ ಉಬ್ಬು ತಗ್ಗು, ಸಿನಿಮಾದ ಒಂದು ಫ್ರೇಮ್ ಎನ್ನಿಸುವ ಜೋಡಣೆ, ಎಲ್ಲವೂ ಅಲ್ಲಿವೆ. ಹಾಲಿವುಡ್ ಪೋಸ್ಟರ್‌ಗಳಿಂದ ಬೆಳಕನ್ನು ಕಲಿತು ಅದನ್ನು ನಮ್ಮ ಪುರಾಣದ ಮೈಗೆ ಹಚ್ಚಿದ್ದು ಅವರ ಜಾಣ್ಮೆ. ಪರದೇಶದ ಚಿತ್ರವನ್ನು ಮೆಚ್ಚುವುದು ತಪ್ಪಲ್ಲ, ಮೆಚ್ಚಿದ್ದನ್ನು ಎಲ್ಲಿಗೆ ಒಯ್ಯುತ್ತೀರಿ ಎಂಬುದು ಮುಖ್ಯ ಎನ್ನುವುದಕ್ಕೆ ಪಂಡಿತರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರಿಗೂ ಮೊದಲು ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ, ಮುಂದೆ ಲೋನಾವಳದ ಬಳಿಯ ಮಳವಲಿಗೆ ಹೋದ ಲಿಥೋ ಮುದ್ರಣಾಲಯ ಸರಸ್ವತಿ ಲಕ್ಷ್ಮಿಯರಿಗೆ ನಾವು ಈಗಲೂ ಕಲ್ಪಿಸಿಕೊಳ್ಳುವ ಮುಖವನ್ನು ಕೊಟ್ಟಿತ್ತು.

ಅಮರ ಚಿತ್ರ ಕಥಾ ಸರಣಿಗೂ ಕನ್ನಡದ ನಂಟು ಹತ್ತಿರದ್ದು. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದವರು. ಸರಣಿಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳಾಗಿ ಬೆಂಗಳೂರಿನಲ್ಲಿ ಬಂದವು. ರಾಮ್ ವಾಯಿರ್ಕರ್ ಚಿತ್ರಿಸಿದ 'ಕೃಷ್ಣ' ಹನ್ನೊಂದನೆಯದು. ಹಳೆಯ ಸಂಚಿಕೆಗಳು ಮನೆಯಲ್ಲಿದ್ದರೆ ಹೊರತೆಗೆಯಿರಿ. ಒಂದು ಪುಸ್ತಕದ ತುಂಬ ಅದೇ ಪಾತ್ರ ಎಳೆಯದಾಗಿ, ಸಿಟ್ಟಾಗಿ, ದಣಿದು, ದೂರದಲ್ಲಿ, ಜನಜಂಗುಳಿಯಲ್ಲಿ ಬಂದರೂ ಗುರುತು ತಪ್ಪುವುದಿಲ್ಲ. ಅದು ಹೇಗೆ ಸಾಧ್ಯವಾಯಿತು ಎಂದು ಪುಟ ಪುಟ ತಿರುವಿ ಹುಡುಕುವುದೇ ಕ್ಯಾರೆಕ್ಟರ್ ಡಿಸೈನ್ ಕಲಿಕೆ. ಕನ್ನಡ ಚಂದಮಾಮದ ಹಳೆಯ ಸಂಚಿಕೆಗಳಲ್ಲಿ ಎಂ. ಟಿ. ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳೂ ಇಂಥ ಅಭ್ಯಾಸಕ್ಕೆ ಹೇಳಿ ಮಾಡಿಸಿದವು.

ಗೆರೆಯ ಬಲ ಏನೆಂದು ಅರಿಯಲು ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಕೆಲವೇ ಗೆರೆಗಳಲ್ಲಿ ಕುಣಿಯುವ ಮೈ ಇಡಿಯಾಗಿ ಬಂದುಬಿಡುತ್ತದೆ. ರೆಂಡರಿಂಗ್ ಎಂದು ಗಂಟೆಗಟ್ಟಲೆ ಬ್ರಷ್ ಉಜ್ಜುವ ಮೊದಲು ಮೈಯ ಚಲನೆ ಕೈಗೆ ಸಿಕ್ಕಿರಬೇಕು ಎಂಬುದು ಅಲ್ಲಿ ಕಾಣುತ್ತದೆ.

ಚೌಕಿಯಲ್ಲಿ ಕಲಿಯುವುದು

ಕರಾವಳಿಯ ಯಕ್ಷಗಾನ ಮೇಳಗಳು ಮಳೆಗಾಲದಲ್ಲಿ ಊರಿನ ತಿರುಗಾಟ ನಿಲ್ಲಿಸಿದ ಮೇಲೆ ಮುಂಬಯಿಗೆ ಬರುವ ವಾಡಿಕೆ ಹಳೆಯದು. ಆ ತಿಂಗಳುಗಳಲ್ಲಿ ಕನ್ನಡ, ತುಳು ಸಂಘಗಳ ಆಶ್ರಯದಲ್ಲಿ ಸಭಾಗೃಹಗಳಲ್ಲಿ ಆಟಗಳಾಗುತ್ತವೆ. ಫ್ಯಾಂಟಸಿ ಪಾತ್ರ ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ, ಏಕೆಂದರೆ ಇಲ್ಲಿ ಪ್ರತಿ ಅಲಂಕಾರಕ್ಕೂ ಕಾರಣವಿದೆ. ದೊಂದಿ ಮತ್ತು ಪಂಜಿನ ಬೆಳಕಿನಲ್ಲಿ, ಗದ್ದೆಯ ತುದಿಯಲ್ಲಿ ಕುಳಿತವನಿಗೂ ಪಾತ್ರ ತಿಳಿಯಬೇಕಿತ್ತು. ಆದ್ದರಿಂದಲೇ ಭುಜಕೀರ್ತಿಗಳು ಅಗಲವಾದವು, ಕಿರೀಟ ಎತ್ತರವಾಯಿತು, ಬಣ್ಣ ಗಾಢವಾಯಿತು. ಸಿಲೂಯೆಟ್ ಓದಬಲ್ಲಂತಿರಬೇಕು ಎಂದು ಇಂದಿನ ಸ್ಟುಡಿಯೋಗಳು ಕಲಿಸುವ ಪಾಠವನ್ನು ವೇಷಧಾರಿಗಳು ಯಾವತ್ತೋ ಮೈಮೇಲೆ ಕಟ್ಟಿಕೊಂಡಿದ್ದಾರೆ.

ವೇಷಗಳ ನಡುವಿನ ವ್ಯತ್ಯಾಸವನ್ನು ಗಮನಿಸಿ. ಬಡಗುತಿಟ್ಟು ಶೈಲಿಯಲ್ಲಿ ಅಭಿಮನ್ಯು, ಬಬ್ರುವಾಹನರಂಥ ಎಳೆಯ ವೀರರಿಗೆ ಕೇದಗೆ ಮುಂದಲೆ, ಪ್ರೌಢ ವೀರರಿಗೆ ದೊಡ್ಡ ಮುಂಡಾಸು, ಅರಸರಿಗೆ ಕಿರೀಟ. ತಲೆಯ ಮೇಲಿನ ಆಕಾರವೊಂದೇ ವಯಸ್ಸು, ಸ್ಥಾನ, ಬಿಸಿರಕ್ತ ಎಲ್ಲವನ್ನೂ ಹೇಳುತ್ತದೆ. ತೆಂಕುತಿಟ್ಟು ಶೈಲಿಯ ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಮುಖದ ಮೇಲೆ ಇಡುತ್ತಾರೆ. ಚರ್ಮ ಚಪ್ಪಟೆಯಾಗಿ ಉಳಿಯುವುದಿಲ್ಲ, ಮುಳ್ಳೆದ್ದ ಹಾಗೆ ಉಬ್ಬಿ ನೆರಳು ಬೀಳುತ್ತದೆ. ಟೆಕ್ಸ್‌ಚರ್ ಬ್ರಷ್ ಹುಡುಕುವವರು ಇದನ್ನು ಹತ್ತಿರದಿಂದ ನೋಡಬೇಕು. ರಾಕ್ಷಸನ ಪ್ರವೇಶದಲ್ಲಿ ಮೊದಲು ತೆರೆಯ ಮೇಲ್ತುದಿಯಲ್ಲಿ ಕಿರೀಟ, ಕೆಳಗೆ ಗೆಜ್ಜೆಯ ಕಾಲು ಅಷ್ಟೇ ಕಾಣುತ್ತದೆ, ನಡುವಿನದ್ದನ್ನು ಪ್ರೇಕ್ಷಕನೇ ಊಹಿಸಿ ಹೆದರುತ್ತಾನೆ. ಪಾತ್ರವನ್ನು ಎಷ್ಟು ತೋರಿಸಬೇಕು, ಎಷ್ಟನ್ನು ಅಡಗಿಸಬೇಕು ಎಂಬುದಕ್ಕೆ ಇಂಥ ಸಿದ್ಧ ಉದಾಹರಣೆ ಬೇರೆ ಸಿಗದು.

ಆಟಕ್ಕೆ ಎರಡು ಗಂಟೆ ಮೊದಲೇ ಹೋಗಿ, ಸಂಘಟಕರನ್ನೂ ಭಾಗವತರನ್ನೂ ಕೇಳಿ, ಒಪ್ಪಿದರೆ ವೇಷ ಕಟ್ಟುವ ಕೋಣೆಯಾದ ಚೌಕಿಯ ಒಂದು ಮೂಲೆಯಲ್ಲಿ ಕುಳಿತುಕೊಳ್ಳಿ. ಅದು ಗಣಪತಿಗೆ ಪೂಜೆ ನಡೆಯುವ ಜಾಗ, ಚಪ್ಪಲಿ ಹೊರಗೆ ಬಿಡಿ, ಫ್ಲ್ಯಾಶ್ ಹೊಡೆಯಬೇಡಿ, ವೇಷ ಕಟ್ಟುವವರ ದಾರಿಗೆ ಅಡ್ಡ ಬರಬೇಡಿ. ಬಣ್ಣ ಹಚ್ಚುವ ಅನುಕ್ರಮವನ್ನು ಬರೆದುಕೊಳ್ಳಿ: ಯಾವುದು ಮೊದಲು, ಯಾವುದರ ಮೇಲೆ ಯಾವುದು, ಯಾವುದನ್ನು ಹಗ್ಗದಿಂದ ಬಿಗಿಯುತ್ತಾರೆ, ಭಾರ ಎಲ್ಲಿ ಬೀಳುತ್ತದೆ. ಆಮೇಲೆ ರಂಗಸ್ಥಳದಲ್ಲಿ ಅದೇ ವೇಷ ಕುಣಿಯುವಾಗ ಅರ್ಧ ನಿಮಿಷಕ್ಕೊಂದು ಗೆಸ್ಚರ್ ಬರೆಯಿರಿ. ಪೆನ್ಸಿಲ್ ಬೇಡ, ಪೆನ್ನು ಹಿಡಿಯಿರಿ. ಅಳಿಸುವ ಅವಕಾಶವಿಲ್ಲದಾಗ ಕಣ್ಣು ಚುರುಕಾಗುತ್ತದೆ.

ಭೂತಕೋಲದ ಬಗ್ಗೆ ಒಂದು ಮಾತು ಹೇಳಲೇಬೇಕು. 2022ರ 'ಕಾಂತಾರ' ಸಿನಿಮಾದ ನಂತರ ದೈವದ ಬೆನ್ನಿಗೆ ಕಟ್ಟುವ ಅಣಿ, ಮುಖವರ್ಣಿಕೆಗಳನ್ನು ಕೊಂಬು ಕತ್ತಿಗಳ ಜೊತೆ ಬೆರೆಸಿದ ಫ್ಯಾನ್ ಆರ್ಟ್ ಬೇಕಾದಷ್ಟು ಬಂದಿದೆ. ದೈವಾರಾಧನೆ ಇಂದಿಗೂ ಬದುಕಿರುವ ನಂಬಿಕೆ. ಅದನ್ನು ಆಚರಿಸುವ ಮನೆತನಗಳು ನಿಮ್ಮ ಕಟ್ಟಡದಲ್ಲೇ ಇರಬಹುದು. ಅಲ್ಲಿಂದ ರೂಪ ತೆಗೆದುಕೊಳ್ಳುವ ಮೊದಲು ಆ ಹಿರಿಯರನ್ನು ಕೇಳಿ. ಬೇಡ ಎಂದರೆ ಬಿಡಿ.

ಎರಡು ತ್ರಿಕೋನ, ಒಂದು ಗುಡಿ, ಒಂದು ಖಾಡಿ

ಶೇಪ್ ಲ್ಯಾಂಗ್ವೇಜ್ ಬಗ್ಗೆ ಆನ್‌ಲೈನ್ ಪಾಠಗಳು ಸಾವಿರ ಇವೆ: ದುಂಡು ಆಕಾರ ಸೌಮ್ಯ, ಚೌಕ ಗಟ್ಟಿ, ತ್ರಿಕೋನ ಚುರುಕು ಎಂದೆಲ್ಲ. ಇದೇ ಪಾಠ ಹಳೆಯ ಠಾಣೆ ಜಿಲ್ಲೆಯ ಮಣ್ಣಿನ ಗೋಡೆಗಳ ಮೇಲಿತ್ತು. ವಾರ್ಲಿ ಚಿತ್ರಗಳಲ್ಲಿ ಮನುಷ್ಯನ ಮೈ ಎಂದರೆ ತುದಿಗೆ ತುದಿ ತಾಗಿದ ಎರಡು ತ್ರಿಕೋನಗಳು. ಅವುಗಳ ಓರೆ ಬದಲಾದರೆ ಓಡುವವನು, ಬಿತ್ತುವವಳು, ತಾರಪಾ ಊದುತ್ತ ಕುಣಿಯುವವರು ಬೇರೆ ಬೇರೆಯಾಗುತ್ತಾರೆ. 2014ರಲ್ಲಿ ಪಾಲ್ಘರ್ ಬೇರೆ ಜಿಲ್ಲೆಯಾಯಿತು, ವಾರ್ಲಿ ಕಲಾವಿದರ ಹಳ್ಳಿಗಳಲ್ಲಿ ಹೆಚ್ಚಿನವು ಈಗ ಅಲ್ಲಿಗೆ ಸೇರಿವೆ. ಜಿವ್ಯಾ ಸೋಮಾ ಮಶೆ ಅವರ ಹೆಸರಿನಲ್ಲಿ ಹುಡುಕಿ ಅವರ ಕೆಲಸ ನೋಡಿ, ಅವರಿಗೆ 2011ರಲ್ಲಿ ಪದ್ಮಶ್ರೀ ಬಂದಿತ್ತು. ನಿಮ್ಮ ಪಾತ್ರವನ್ನು ಒಮ್ಮೆ ಎರಡು ತ್ರಿಕೋನಗಳಿಗೆ ಇಳಿಸಿ. ಭಂಗಿ ಇನ್ನೂ ಮಾತಾಡುತ್ತಿದ್ದರೆ ಮಾತ್ರ ಮುಂದೆ ಹೋಗಿ.

ಕಲ್ಯಾಣ್‌ನಿಂದ ಕರ್ಜತ್ ಕಡೆಯ ಲೋಕಲ್ ಹಿಡಿದರೆ ಮೂರನೆಯ ಸ್ಟೇಷನ್ ಅಂಬರನಾಥ್. ಅಲ್ಲಿ 1060ರಲ್ಲಿ ಶಿಲಾಹಾರರು ಕಟ್ಟಿಸಿದ ಶಿವಾಲಯ ಇದೆ. ಉತ್ತರ ಕೊಂಕಣದ ಈ ಶಿಲಾಹಾರರು ಮೊದಲು ರಾಷ್ಟ್ರಕೂಟರ ಸಾಮಂತರಾಗಿದ್ದವರು, ಠಾಣೆ ಅವರ ರಾಜಧಾನಿಯಾಗಿತ್ತು. ಗುಡಿಯ ಹೊರಗೋಡೆಯ ಶಿಲ್ಪಗಳ ಮುಂದೆ ಒಂದು ಬೆಳಗ್ಗೆ ಕುಳಿತರೆ ಒಡವೆ ಮೈಗೆ ಹೇಗೆ ಅಂಟಿಕೊಳ್ಳುತ್ತದೆ, ಸೊಂಟ ಒಂದು ಕಡೆ ವಾಲಿದಾಗ ಹೆಗಲು ಯಾವ ಕಡೆ ಇಳಿಯುತ್ತದೆ ಎಂಬುದು ಕಲ್ಲಿನಲ್ಲೇ ಸಿಗುತ್ತದೆ. ಸೂರ್ಯ ಓರೆಯಾಗಿರುವಾಗ ಹೋಗಿ, ನೆತ್ತಿಯ ಬಿಸಿಲಿನಲ್ಲಿ ಉಬ್ಬುಗಳೆಲ್ಲ ಮಾಸಿಹೋಗುತ್ತವೆ. ಸೋಮವಾರ ಮತ್ತು ಶಿವರಾತ್ರಿಯಂದು ಭಕ್ತರ ಗದ್ದಲವಿರುತ್ತದೆ, ಆ ದಿನ ಚಿತ್ರ ಬರೆಯುವವರಿಗಲ್ಲ.

ಮುಂಬಯಿ ಕೋಟೆ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೂ ಒಂದು ದಿನ ಮೀಸಲಿಡಿ. ಅಲ್ಲಿ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಒಳಮಾಳಿಗೆಯ ಕಲ್ಲುಗಳಿವೆ. ಅಡಿಯಲ್ಲಿ ನಿಂತು ತಲೆಯೆತ್ತಿ ನೋಡುವವರಿಗಾಗಿ ಏಳನೆಯ ಶತಮಾನದ ಶಿಲ್ಪಿಗಳು ಮೈಗಳನ್ನು ಹೇಗೆ ಜೋಡಿಸಿದರು ಎಂದು ಅವುಗಳಿಂದ ತಿಳಿಯುತ್ತದೆ. ಆಯುಧ, ಕವಚಗಳ ವಿಭಾಗವನ್ನಂತೂ ಬಿಡಲೇಬೇಡಿ. ಗೇಮ್ ಚಿತ್ರಗಳಲ್ಲಿ ಕಾಣುವ ಕತ್ತಿಗಳಲ್ಲಿ ಅರ್ಧದಷ್ಟನ್ನು ಹಿಡಿದರೆ ಹಿಡಿದವನ ಕೈಯೇ ತುಂಡಾಗುತ್ತದೆ. ನಿಜವಾದ ಕತ್ತಿಯ ಹಿಡಿ, ಗುರಾಣಿಯ ಒಳಮೈಯ ಪಟ್ಟಿ, ಕವಚದ ತಗಡುಗಳನ್ನು ಕೂಡಿಸಿದ ಬಗೆ ಇವುಗಳ ಸ್ಕೆಚ್ ನಿಮ್ಮ ಬಳಿ ಇದ್ದರೆ ಮುಂದೆ ಎಷ್ಟು ಕಾಲ್ಪನಿಕ ಆಯುಧ ಬರೆದರೂ ಅದಕ್ಕೆ ನಂಬಿಕೆ ಬರುತ್ತದೆ. ಪಕ್ಕದಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ ಇದೆ, ಮರಳುವ ಮುನ್ನ ಒಂದು ಸುತ್ತು ಹಾಕಬಹುದು.

ಪ್ರಾಣಿಗಳ ವಿಷಯಕ್ಕೆ ನವಿ ಮುಂಬಯಿಯವರೇ ಪುಣ್ಯವಂತರು. ಐರೋಲಿಯ ಬಳಿ ಠಾಣೆ ಖಾಡಿಯಲ್ಲಿ ಫ್ಲೆಮಿಂಗೋ ಅಭಯಾರಣ್ಯವಿದೆ, ಚಳಿಗಾಲದಿಂದ ಬೇಸಗೆಯ ತನಕ ಹಕ್ಕಿಗಳು ಹಿಂಡು ಹಿಂಡಾಗಿ ಇರುತ್ತವೆ. ಫ್ಲೆಮಿಂಗೋದ ಮೊಣಕಾಲು ಹಿಂದಕ್ಕೆ ಮಡಚುತ್ತದೆ ಎಂದು ತೋರುತ್ತದೆ. ನಿಜದಲ್ಲಿ ಅದು ಮೊಣಕಾಲಲ್ಲ, ಹಿಮ್ಮಡಿಯ ಗಂಟು. ಮೊಣಕಾಲು ಮೇಲೆ ಗರಿಗಳ ಒಳಗೆ ಅಡಗಿದೆ. ಇದು ಗೊತ್ತಿದ್ದವರು ಬರೆದ ಕಾಲ್ಪನಿಕ ಪ್ರಾಣಿ ನಡೆಯುತ್ತದೆ, ಗೊತ್ತಿಲ್ಲದವರದು ಬೀಳುತ್ತದೆ. ಅದರ ಗುಲಾಬಿ ಬಣ್ಣ ತಿನ್ನುವ ಪಾಚಿ, ಸಿಗಡಿಗಳಿಂದ ಬರುತ್ತದೆ, ಎಂದರೆ ಬಣ್ಣಕ್ಕೂ ಊಟಕ್ಕೂ ಸಂಬಂಧವಿದೆ. ನೀರಿಳಿದಾಗ ಕೆಸರಿನ ಮೇಲೆ ರೆಕ್ಕೆಯೂರಿ ನಡೆಯುವ ಮಡ್‌ಸ್ಕಿಪ್ಪರ್ ಮೀನುಗಳನ್ನು ನೋಡಿ, ಕಣ್ಣು ತಲೆಯ ನೆತ್ತಿಯಲ್ಲಿ, ಚರ್ಮದಿಂದಲೂ ಉಸಿರಾಟ. ಡ್ರ್ಯಾಗನ್ ಬಿಟ್ಟು ಬೇರೇನು ಬರೆಯಲಿ ಎನ್ನುವವರಿಗೆ ಗಂಡಭೇರುಂಡ, ಶರಭ, ಯಾಳಿಗಳಿವೆ. ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ, ಮನುಷ್ಯನ ಮೈಗೆ ಎರಡು ಹಕ್ಕಿತಲೆಗಳು. ಅದರ ಕತ್ತು ಎಲ್ಲಿ ಕವಲೊಡೆಯುತ್ತದೆ, ಎರಡು ಕತ್ತುಗಳ ಭಾರ ಹೊರುವ ಹೆಗಲು ಹೇಗಿರಬೇಕು ಎಂಬುದನ್ನು ಎಲುಬು ಸ್ನಾಯುಗಳ ಸಮೇತ ಬಿಡಿಸಿ ನೋಡುವುದು ಒಂದು ವಾರದ ಕೆಲಸವಾದೀತು.

ಒಂದು ಪಾತ್ರ ಕಟ್ಟಿ ನೋಡೋಣ

ಕಲ್ಯಾಣ್ ಪ್ರಾಚೀನ ಬಂದರು, ಕನ್ಹೇರಿ ಗುಹೆಗಳ ಶಾಸನಗಳಲ್ಲಿ ಅದರ ಹೆಸರಿದೆ. ಶಿಲಾಹಾರರ ಕಾಲದಲ್ಲಿ ಅಲ್ಲೊಬ್ಬ ಖಾಡಿಯ ಕಾವಲುಗಾರ್ತಿ ಇದ್ದಳು ಎಂದು ಕಲ್ಪಿಸಿಕೊಳ್ಳಿ. ಕತ್ತಲಲ್ಲಿ ಬರುವ ದೋಣಿಗಳನ್ನು ಕಾಯುವುದು ಅವಳ ಕೆಲಸ. ಇಪ್ಪತ್ತರ ಸುಂದರಿ ಬೇಡ, ಐವತ್ತು ದಾಟಿದವಳಾಗಲಿ. ಈಗ ಕೆಲಸ ಮತ್ತು ಹವೆ ಎರಡೂ ಅವಳ ಮೈ ಬರೆಯುತ್ತವೆ. ಕೆಸರು, ಆದ್ದರಿಂದ ಬರಿಗಾಲು, ಅಗಲವಾದ ಪಾದ, ಬೆರಳುಗಳ ನಡುವೆ ಅಂತರ. ನೀರು, ಆದ್ದರಿಂದ ಮೊಣಕಾಲಿನ ಮೇಲಕ್ಕೆ ಕಚ್ಚೆ ಹಾಕಿ ಉಟ್ಟ ಸೀರೆ, ಕೋಲಿ ಸಮುದಾಯದ ಮೀನುಗಾರ ಹೆಂಗಸರು ಉಡುವ ಬಗೆ. ಆಯುಧ ದೋಣಿ ತಳ್ಳುವ ಗಳ, ತುದಿಗೆ ಕಬ್ಬಿಣದ ಮೊನೆ. ವರ್ಷಗಟ್ಟಲೆ ಒಂದೇ ಕಡೆಗೆ ಗಳ ಊರಿದ್ದರಿಂದ ಬಲ ಹೆಗಲು ಎಡಕ್ಕಿಂತ ದಪ್ಪ, ಸಿಲೂಯೆಟ್‌ನಲ್ಲಿ ಅವಳನ್ನು ಗುರುತಿಸುವುದೂ ಅದರಿಂದಲೇ. ಇಡೀ ಆಕಾರ ತಳ ಅಗಲವಾದ ತ್ರಿಕೋನ, ಅವಳನ್ನು ಕದಲಿಸಲಾಗದು ಎಂಬ ಭಾವಕ್ಕಾಗಿ. ಅವಳಲ್ಲಿ ಮಾನುಷವಲ್ಲದ್ದು ಒಂದೇ ಇರಲಿ, ಮಡ್‌ಸ್ಕಿಪ್ಪರ್‌ನಂತೆ ಕೊಂಚ ಮೇಲಕ್ಕೆ, ಕೊಂಚ ದೂರದೂರಕ್ಕೆ ಕುಳಿತ ಕಣ್ಣುಗಳು. ಬಣ್ಣಗಳು ಕೆಸರಿನ ಕಂದು, ಮ್ಯಾಂಗ್ರೋವ್ ಎಲೆಯ ಕಡು ಹಸಿರು, ಸೆರಗಿನ ಒಳಮೈಯಲ್ಲಿ ಮಾತ್ರ ಫ್ಲೆಮಿಂಗೋ ಗುಲಾಬಿ. ಅವಳು ತಿರುಗಿದಾಗ ಮಾತ್ರ ಆ ಗುಲಾಬಿ ಕಾಣಬೇಕು. ಇಷ್ಟು ನಿರ್ಧಾರವಾದ ಮೇಲೆ ಇಪ್ಪತ್ತು ಸಣ್ಣ ಸಿಲೂಯೆಟ್ ಬರೆದು ಮೂರನ್ನು ಆರಿಸಿ, ಮನೆಯವರಿಗೆ ತೋರಿಸಿ ಇವಳು ಏನು ಕೆಲಸ ಮಾಡುತ್ತಾಳೆ ಎಂದು ಕೇಳಿ. ಅವರ ಉತ್ತರ ನೀರು, ದೋಣಿ, ಕಾವಲುಗಳ ಸುತ್ತ ಬಂದರೆ ಆ ಸಿಲೂಯೆಟ್ ಗೆದ್ದಿತು. ನಿಮ್ಮ ಫೋಲ್ಡರಿನ ತುಪ್ಪಳದ ಯೋಧನ ಪಕ್ಕ ಅವಳನ್ನು ನಿಲ್ಲಿಸಿದರೂ ಅವಳು ಕುಗ್ಗುವುದಿಲ್ಲ.

ಸಲಕರಣೆ, ಹಕ್ಕು, ಓದು

ಸಲಕರಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಮೊದಲು ಕೇಳಿ ಅಲ್ಲಿಯೇ ನಿಲ್ಲುತ್ತಾರೆ. ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಹ್ಯುಯಾನ್, ಎಕ್ಸ್‌ಪಿ ಪೆನ್, ವಾಕಾಮ್ ಯಾವುದಾದರೂ ಸರಿ. ಕೃತಾ ಎಂಬ ತಂತ್ರಾಂಶ ಪೂರ್ತಿ ಉಚಿತ, ಬ್ಲೆಂಡರ್ ಕೂಡ ಹಾಗೆಯೇ. ಐಪ್ಯಾಡ್ ಇದ್ದವರಿಗೆ ಪ್ರೋಕ್ರಿಯೇಟ್ ಒಂದು ಸಲ ಹಣ ಕೊಟ್ಟರೆ ಸಾಕು. ಲೇಯರ್, ಬ್ಲೆಂಡಿಂಗ್ ಮೋಡ್‌ಗಳು ಒಂದು ತಿಂಗಳಲ್ಲಿ ಕೈಗೆ ಹತ್ತುತ್ತವೆ, ಅಂಗರಚನೆ ಹತ್ತುವುದಕ್ಕೆ ವರ್ಷಗಳು ಬೇಕು. ಆದ್ದರಿಂದ ಲೋಕಲ್‌ನಲ್ಲಿ ಕಿಸೆಯಲ್ಲೊಂದು ಸಣ್ಣ ಸ್ಕೆಚ್‌ಬುಕ್ ಇರಲಿ. ನೇತಾಡುತ್ತ ನಿದ್ರಿಸುವವರು, ಬಾಗಿಲಲ್ಲಿ ಒಂದೇ ಕಾಲಲ್ಲಿ ನಿಂತವರು, ತರಕಾರಿ ಬಿಡಿಸುತ್ತ ಮಾತಾಡುವ ಹೆಂಗಸರು, ಇಂಥ ಭಂಗಿಗಳು ಯಾವ ಪೋಸ್ ಪುಸ್ತಕದಲ್ಲೂ ಇಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ, ಅಪರಿಚಿತರ ಫೋಟೊ ಮಾತ್ರ ತೆಗೆಯಬೇಡಿ. ಗಣೇಶ ಚೌತಿಗೆ ಮೊದಲು ಪನ್ವೇಲ್ ಆಚೆಯ, ಮೂರ್ತಿ ಮಾಡುವವರ ಪೆಣ್ ಪಟ್ಟಣಕ್ಕೆ ಹೋದರೆ ಒಂದೇ ಅಚ್ಚಿನ ಗಣಪತಿಗಳು ಕಣ್ಣು ಬರೆದ ಕ್ಷಣದಲ್ಲಿ ಬೇರೆ ಬೇರೆ ಸ್ವಭಾವದವರಾಗುವುದನ್ನು ಕಾಣಬಹುದು.

ಮೆಚ್ಚಿದ ಚಿತ್ರವನ್ನು ಕಲಿಯುವುದಕ್ಕಾಗಿ ಮನೆಯಲ್ಲಿ ನಕಲು ಮಾಡುವುದು ಸರಿಯಾದ ಅಭ್ಯಾಸ. ಅದನ್ನು ಹೊರಗೆ ಹಾಕುವಾಗ ಮೂಲ ಕಲಾವಿದರ ಹೆಸರು ಹಾಕಿ, ಇದು ಸ್ಟಡಿ ಎಂದು ಬರೆಯಿರಿ, ಮಾರಬೇಡಿ. ನಮ್ಮ ದೇಶದ ಕಾನೂನಿನಲ್ಲಿ ಕಲಾವಿದರ ಹಕ್ಕು ಅವರ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ ಇರುತ್ತದೆ. ರವಿವರ್ಮ 1906ರಲ್ಲಿ ತೀರಿಕೊಂಡರು, ಅವರ ಚಿತ್ರಗಳು ಈಗ ಎಲ್ಲರವು. ಪಂಡಿತರು ತೀರಿಕೊಂಡದ್ದು 1993ರಲ್ಲಿ, ಅವರ ಚಿತ್ರಗಳು ಇನ್ನೂ ರಕ್ಷಣೆಯಲ್ಲಿವೆ. ಸಂಬಳಕ್ಕೆ ಅಥವಾ ಆರ್ಡರ್ ಮೇಲೆ ಬರೆದ ಚಿತ್ರದ ಹಕ್ಕು ಬಹಳ ಸಲ ಬರೆಸಿದವರಿಗೇ ಹೋಗುತ್ತದೆ. ಕೆಲಸ ಹಿಡಿಯುವ ಮೊದಲೇ, ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದೇ, ಯಾವಾಗಿನಿಂದ ಎಂದು ಬರಹದಲ್ಲಿ ಪಡೆದುಕೊಳ್ಳಿ.

ಎಐ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಕಲಿಯುವ ಹಂತದಲ್ಲಿ ಅವುಗಳನ್ನು ಮುಟ್ಟಬೇಡಿ. 2022ರ ಡಿಸೆಂಬರ್‌ನಲ್ಲಿ ಆರ್ಟ್‌ಸ್ಟೇಷನ್ ತುಂಬ ಕಲಾವಿದರು ಪ್ರತಿಭಟನೆಯ ಚಿತ್ರ ಹಾಕಿದ್ದು ತಮ್ಮ ಕೆಲಸವನ್ನು ಎಐ ತರಬೇತಿಗೆ ಕೇಳದೆ ಬಳಸಿಕೊಂಡ ನೋವಿಗೆ. ಅದಕ್ಕಿಂತ ನೇರವಾದ ಕಾರಣವೂ ಇದೆ. ಅಂಥ ಚಿತ್ರಗಳಲ್ಲಿ ಪಟ್ಟಿ ಎಲ್ಲಿಂದಲೋ ಹೊರಟು ಎಲ್ಲೋ ಕರಗುತ್ತದೆ, ಬಕಲ್‌ಗೆ ಕಾರಣವಿರುವುದಿಲ್ಲ. ಅವನ್ನೇ ನೋಡುತ್ತಿದ್ದರೆ ಕಾರಣ ಕೇಳುವ ಅಭ್ಯಾಸವೇ ಸತ್ತುಹೋಗುತ್ತದೆ. ಪಿಂಟರೆಸ್ಟ್‌ನಲ್ಲಿ ರೆಫರೆನ್ಸ್ ಹುಡುಕುವಾಗಲೂ ಚಿತ್ರದ ಮೂಲ ಯಾರದೆಂದು ಪತ್ತೆಹಚ್ಚಿ, ಪತ್ತೆಯಾಗದ್ದನ್ನು ಬಿಟ್ಟುಬಿಡಿ.

ಓದಿನ ವಿಷಯ. ಮಹಾರಾಷ್ಟ್ರದ ಶಾಲೆಗಳಲ್ಲಿ ಓದುವ ಮಕ್ಕಳು ಕಲಾ ಸಂಚಾಲನಾಲಯದ ಎಲಿಮೆಂಟರಿ ಮತ್ತು ಇಂಟರ್ಮೀಡಿಯೇಟ್ ಡ್ರಾಯಿಂಗ್ ಪರೀಕ್ಷೆಗಳನ್ನು ಬರೆಯಲಿ, ತಳಪಾಯ ಅಲ್ಲಿ ಬೀಳುತ್ತದೆ. ಹನ್ನೆರಡನೆಯ ತರಗತಿಯ ನಂತರ ಜೆ. ಜೆ. ಸಂಸ್ಥೆಗಳ ಬಿಎಫ್‌ಎ ಒಂದು ದಾರಿ. 1857ರಲ್ಲಿ ಶುರುವಾದ ಆ ಕಲಾಶಾಲೆ ಸಿಎಸ್‌ಎಂಟಿಯಿಂದ ನಡೆದು ಹೋಗುವಷ್ಟು ಹತ್ತಿರ. ಯಾವ ವಿಭಾಗದಲ್ಲಿ ಓದಿದವರೂ ಬರೆಯಬಹುದಾದ ಯುಸೀಡ್ ಪರೀಕ್ಷೆಯ ಮೂಲಕ ಪವಾಯಿಯ ಐಐಟಿಯ ಐಡಿಸಿ ವಿನ್ಯಾಸ ಶಾಲೆಗೆ ಹೋಗಬಹುದು, ಪದವಿ ಮುಗಿದವರಿಗೆ ಸೀಡ್ ಪರೀಕ್ಷೆಯಿದೆ, ಅಲ್ಲಿ ಅನಿಮೇಷನ್ನಿಗೆ ಸ್ನಾತಕೋತ್ತರ ಕೋರ್ಸ್ ಇದೆ. ವೇಷಭೂಷಣದ ಕಡೆ ಒಲವಿರುವವರಿಗೆ ಖಾರ್ಘರ್‌ನ ನಿಫ್ಟ್ ಹತ್ತಿರ. ಖಾಸಗಿ ಅನಿಮೇಷನ್ ತರಗತಿಗೆ ಲಕ್ಷಗಟ್ಟಲೆ ಕಟ್ಟುವ ಮೊದಲು ಅಲ್ಲಿ ಕಲಿಸುವವರ ಸ್ವಂತ ಕೆಲಸ ತೋರಿಸಲು ಕೇಳಿ, ಕಳೆದ ವರ್ಷ ಮುಗಿಸಿದ ವಿದ್ಯಾರ್ಥಿಗಳ ಪೋರ್ಟ್‌ಫೋಲಿಯೊ ಕೇಳಿ. ನೌಕರಿ ಖಚಿತ ಎಂಬ ಫಲಕಕ್ಕಿಂತ ಅವು ನಂಬಲರ್ಹ.

ಅಪ್ಪ ಅಮ್ಮಂದಿರಿಗೆ ನೇರವಾಗಿ ಹೇಳಬೇಕಾದದ್ದೂ ಇದೆ. ಈ ಉದ್ಯಮದಲ್ಲಿ ಏರಿಳಿತ ಹೆಚ್ಚು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಎಂಬ ವಿಎಫ್‌ಎಕ್ಸ್, ಅನಿಮೇಷನ್ ಸಮೂಹ ಕುಸಿದಾಗ ಬೆಂಗಳೂರು, ಮುಂಬಯಿಯ ಎಷ್ಟೋ ಕಲಾವಿದರು ಒಮ್ಮೆಗೇ ಕೆಲಸ ಕಳೆದುಕೊಂಡರು. ಅದೇ ವರ್ಷದ ಜುಲೈಯಲ್ಲಿ 'ಮಹಾವತಾರ್ ನರಸಿಂಹ' ಎಂಬ ಅನಿಮೇಷನ್ ಚಿತ್ರ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಚಿತ್ರಮಂದಿರಗಳನ್ನು ತುಂಬಿಸಿತು. ಪುಣೆಯ ಒಂದು ಸಣ್ಣ ತಂಡ 2020ರಲ್ಲಿ ತಂದ 'ರಾಜಿ' ಗೇಮ್ ನಮ್ಮ ಪುರಾಣ, ಚಿಕಣಿ ಚಿತ್ರಶೈಲಿಗಳನ್ನೇ ಆಧರಿಸಿ ಹೊರದೇಶಗಳ ಆಟಗಾರರನ್ನೂ ಮುಟ್ಟಿತು. ಏರು, ಇಳಿತ ಎರಡೂ ನಿಜ. ಕ್ಯಾರೆಕ್ಟರ್ ಡಿಸೈನ್ ಜೊತೆಗೆ ಸ್ಟೋರಿಬೋರ್ಡ್, ಪ್ರಾಪ್ ಡಿಸೈನ್, ಥ್ರೀಡಿ ಸ್ಕಲ್ಪ್ಟಿಂಗ್ ಇವುಗಳಲ್ಲಿ ಒಂದನ್ನಾದರೂ ಕಲಿತಿದ್ದರೆ ಕೆಟ್ಟ ವರ್ಷ ದಾಟುವುದು ಸುಲಭ.

ಪೋರ್ಟ್‌ಫೋಲಿಯೊಗೆ ಮೂರು ನಾಲ್ಕು ಪಾತ್ರಗಳು ಸಾಕು, ಆದರೆ ಪ್ರತಿಯೊಂದರ ಹಿಂದೆ ಸಿಲೂಯೆಟ್, ತಿರಸ್ಕರಿಸಿದ ಆಯ್ಕೆಗಳು, ಟರ್ನ್‌ಅರೌಂಡ್, ಭಾವಗಳು, ವಸ್ತುಗಳ ಟಿಪ್ಪಣಿ ಇರಲಿ. ಒಬ್ಬ ಮುದುಕ, ಒಂದು ಮಗು, ಒಂದು ಪ್ರಾಣಿ ಇರಲಿ, ಎಲ್ಲರೂ ಕತ್ತಿ ಹಿಡಿದ ಯುವಕರಾಗುವುದು ಬೇಡ. ಚೌಕಿಯಲ್ಲಿ, ಗುಡಿಯಲ್ಲಿ, ಲೋಕಲ್‌ನಲ್ಲಿ ಬರೆದ ಸ್ಕೆಚ್‌ಗಳ ಎರಡು ಪುಟಗಳನ್ನು ಸೇರಿಸಿ. ನಿಮ್ಮ ರೂಪಗಳು ಎಲ್ಲಿಂದ ಬಂದವು ಎಂದು ನೋಡುವವರಿಗೆ ಆ ಪುಟಗಳೇ ಹೇಳುತ್ತವೆ. ತಂಡದಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಎಷ್ಟೆಂದು ಅಲ್ಲಿಯೇ ಬರೆಯಿರಿ. ದುರ್ಬಲ ಎನ್ನಿಸುವ ಪುಟವನ್ನು ಪುಟ ಸಂಖ್ಯೆ ಹೆಚ್ಚಿಸಲೆಂದು ಇಟ್ಟುಕೊಳ್ಳಬೇಡಿ. ಕಳುಹಿಸುವ ಮುನ್ನ ಇಡೀ ಫೈಲನ್ನು ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಆರಿಸುವವರೂ ಅದನ್ನು ಮೊದಲು ನೋಡುವುದು ಬಹುಶಃ ಅಷ್ಟೇ ಚಿಕ್ಕ ಪರದೆಯಲ್ಲಿ.